ಜಿಎಂ ರಾಜೀನಾಮೆ ಕೊಟ್ಟಿದ್ದಾರೆ, ಹೊಸಬರು ಸಿಗಲು ಆರು ತಿಂಗಳು: ನಡುವೆ ಯಾರು?

ಪ್ರಶ್ನೆ: ಬೆಳಗಾವಿಯ ಉದ್ಯಮಬಾಗ್‌ನಲ್ಲಿ ನಮ್ಮ ಕುಟುಂಬದ ಫೌಂಡ್ರಿ (ಲೋಹ ಕರಗಿಸಿ ಅಚ್ಚಿಗೆ ಸುರಿಯುವ ಕಾರ್ಖಾನೆ) ಇದೆ. ಪ್ರೈವೇಟ್ ಲಿಮಿಟೆಡ್ ಕಂಪನಿ, 140 ಜನ ಕೆಲಸಗಾರರು. ಹನ್ನೊಂದು ವರ್ಷದಿಂದ ಇದ್ದ ಜನರಲ್ ಮ್ಯಾನೇಜರ್ (ಜಿಎಂ) ರಾಜೀನಾಮೆ ಕೊಟ್ಟಿದ್ದಾರೆ. ನೋಟಿಸ್ ಅವಧಿ 30 ದಿನ, ಅದರಲ್ಲಿ 8 ದಿನ ಆಗಲೇ ಮುಗಿದಿದೆ. ಉತ್ಪಾದನೆ, ಖರೀದಿ, ದೊಡ್ಡ ಗಿರಾಕಿಗಳು ಎಲ್ಲವೂ ಅವರ ಕೈಯಲ್ಲೇ ಇತ್ತು. ಅವರ ವಾರ್ಷಿಕ ಸಂಬಳ 36 ಲಕ್ಷ. ಒಂದು ಕನ್ಸಲ್ಟಿಂಗ್ ಸಂಸ್ಥೆ ಆರು ತಿಂಗಳಿಗೆ ‘ಹಂಗಾಮಿ ಸಿಇಒ’ ಒಬ್ಬರನ್ನೂ ಜೊತೆಗೆ ಇಬ್ಬರು ಕಿರಿಯರನ್ನೂ ಕೊಡುತ್ತೇವೆ, ತಿಂಗಳಿಗೆ 9 ಲಕ್ಷ ಎನ್ನುತ್ತಿದೆ. ತಗೊಳ್ಳಬಹುದೇ? ಏನೇನು ನೋಡಬೇಕು?

ಉತ್ತರ: ಹೊರಗಿನವರನ್ನು ಹಂಗಾಮಿಯಾಗಿ ತರುವ ಯೋಚನೆ ನಿಮ್ಮ ಸ್ಥಿತಿಗೆ ಸರಿಯಾಗಿಯೇ ಇದೆ. ಆದರೆ ನಿಮ್ಮ ಮುಂದಿರುವ ಪ್ರಸ್ತಾವ ನಿಮಗೆ ಬೇಕಾದ್ದಲ್ಲ.

ಹಂಗಾಮಿ ಮುಖ್ಯಸ್ಥರು ಯಾವಾಗ ಹೋಗುತ್ತಾರೆ ಅನ್ನುವುದು ಮೊದಲ ದಿನವೇ ಎಲ್ಲರಿಗೂ ಗೊತ್ತಿರುತ್ತದೆ. ಕಾಯಂ ಜಿಎಂಗೂ ಇವರಿಗೂ ನಿಜವಾದ ವ್ಯತ್ಯಾಸ ಅದೇ. ಅಚ್ಚು ತಯಾರಿಸುವ ಮೋಲ್ಡಿಂಗ್ ಶಾಪಿನ ಮೇಸ್ತ್ರಿಗೆ ಗೊತ್ತು, ಹಾಗಾಗಿ ಬೇಡದ ಬದಲಾವಣೆಯನ್ನು ‘ಮಾಡೋಣ ಸರ್’ ಎಂದು ಆರು ತಿಂಗಳು ತಳ್ಳುತ್ತಾನೆ. ಸ್ಕ್ರ್ಯಾಪ್ ವ್ಯಾಪಾರಿಗೂ ಗೊತ್ತು, ಹಳೆಯ ಜಿಎಂ ಒಪ್ಪಿದ್ದ ದರ ಎಂದು ಹೊಸ ದರವೊಂದನ್ನು ತೇಲಿಬಿಡುತ್ತಾನೆ. ಎಲ್ಲರಿಗಿಂತ ಚೆನ್ನಾಗಿ ಗೊತ್ತಿರುವುದು ಹಂಗಾಮಿಯಾಗಿ ಬಂದವರಿಗೇ. ಆರು ತಿಂಗಳೊಳಗೆ ಕಣ್ಣಿಗೆ ಕಾಣುವ ಕೆಲಸದ ಕಡೆಗೆ ಅವರ ಮನಸ್ಸು ವಾಲುವುದು ಸಹಜ. ಅಧಿಕಾರ, ಶುಲ್ಕ, ಕರಾರು, ಚಾರ್ಜ್ ಹಸ್ತಾಂತರ ಇವನ್ನೆಲ್ಲ ಈ ಒಂದು ಸಂಗತಿಯನ್ನು ಎದುರಿಗಿಟ್ಟುಕೊಂಡೇ ತೀರ್ಮಾನಿಸಬೇಕು.

ಅದಕ್ಕೂ ಮೊದಲು ಒಳಗಿನವರನ್ನು ನೋಡಿ. ಸರ್ಕಾರಿ ಕಚೇರಿಗಳಲ್ಲಿ ‘ಪ್ರಭಾರ’ ಅನ್ನುತ್ತಾರಲ್ಲ, ಹಾಗೆ ನಿಮ್ಮ ವರ್ಕ್ಸ್ ಮ್ಯಾನೇಜರಿಗೆ ಹೆಚ್ಚುವರಿ ಹೊಣೆ ಕೊಡುವುದು ಎಲ್ಲಕ್ಕಿಂತ ಅಗ್ಗದ ದಾರಿ. ದೊಡ್ಡ ಕಂಪನಿಗಳೂ ಹೆಚ್ಚಾಗಿ ಇದನ್ನೇ ಮಾಡುತ್ತವೆ. 2017ರ ಆಗಸ್ಟ್ 18ರಂದು ಸಿಇಒ ವಿಶಾಲ್ ಸಿಕ್ಕಾ ರಾಜೀನಾಮೆ ಕೊಟ್ಟಾಗ ಇನ್ಫೋಸಿಸ್ ಮಂಡಳಿ ಒಳಗಿನ ಪ್ರವೀಣ್ ರಾವ್ ಅವರನ್ನೇ ಹಂಗಾಮಿ ಸಿಇಒ ಮಾಡಿತು. 2018ರ ಜನವರಿ 2ಕ್ಕೆ ಸಲೀಲ್ ಪಾರೇಖ್ ಬಂದರು, ರಾವ್ ಸಿಒಒ (ಕಾರ್ಯಾಚರಣೆ ಮುಖ್ಯಸ್ಥ) ಹುದ್ದೆಗೆ ಮರಳಿದರು. ಅದೇ ವರ್ಷ ಅಲ್ಲೇ ಸಿಎಫ್‌ಒ (ಹಣಕಾಸು ಮುಖ್ಯಸ್ಥ) ಕುರ್ಚಿ ಖಾಲಿಯಾದಾಗ ಜಯೇಶ್ ಸಂಘರಾಜ್ಕಾ ನವೆಂಬರ್ 17ರಿಂದ ಹಂಗಾಮಿಯಾಗಿದ್ದು, 2019ರ ಮಾರ್ಚ್ 1ಕ್ಕೆ ನೀಲಾಂಜನ್ ರಾಯ್ ಅವರಿಗೆ ಬಿಟ್ಟುಕೊಟ್ಟರು. ಐದು ವರ್ಷದ ನಂತರ, 2024ರ ಏಪ್ರಿಲ್‌ನಲ್ಲಿ, ಜಯೇಶ್ ಅದೇ ಕುರ್ಚಿಗೆ ಕಾಯಂ ಆಗಿ ಬಂದರು.

ಇದು ಸಾಧ್ಯವಾದದ್ದು ಮರಳಲು ಅವರಿಗೆ ಗೌರವದ ಜಾಗವಿದ್ದದ್ದರಿಂದ. ಸಣ್ಣ ಕಾರ್ಖಾನೆಯಲ್ಲಿ ಕಷ್ಟ ಇಲ್ಲೇ ಬರುತ್ತದೆ. ಆರು ತಿಂಗಳು ಜಿಎಂ ಕುರ್ಚಿಯಲ್ಲಿ ಕೂತ ವರ್ಕ್ಸ್ ಮ್ಯಾನೇಜರ್, ಹೊರಗಿನಿಂದ ಹೊಸ ಜಿಎಂ ಬಂದ ದಿನ ತನ್ನನ್ನು ಕೆಳಗಿಳಿಸಿದರು ಎಂದೇ ತಿಳಿಯುತ್ತಾರೆ. ಆಮೇಲೆ ಅವರೂ ಹೋಗುತ್ತಾರೆ, ಒಂದು ಖಾಲಿ ಜಾಗ ಇದ್ದದ್ದು ಎರಡಾಗುತ್ತದೆ. ಪ್ರಭಾರ ಕೊಡುವುದಾದರೆ ಎಷ್ಟು ತಿಂಗಳು, ಹೆಚ್ಚುವರಿ ಭತ್ಯೆ ಎಷ್ಟು, ಕಾಯಂ ಹುದ್ದೆಗೆ ಅವರನ್ನು ಪರಿಗಣಿಸುತ್ತೀರೋ ಇಲ್ಲವೋ ಎಂಬ ಮೂರನ್ನೂ ಪತ್ರದಲ್ಲಿ ಬರೆದುಕೊಡಿ. ‘ಆಮೇಲೆ ನೋಡೋಣ’ ಅನ್ನಬೇಡಿ.

ಒಳಗಿನವರನ್ನೂ ಹೊರಗಿನವರನ್ನೂ ಜೋಡಿಸಿದ ಉದಾಹರಣೆಯೂ ಇದೆ. 2009ರಲ್ಲಿ ಸತ್ಯಂ ಎಂಬ ಐಟಿ ಕಂಪನಿಯ ಲೆಕ್ಕಪತ್ರ ಹಗರಣ ಹೊರಬಿದ್ದ ಮೇಲೆ ಸರ್ಕಾರ ನೇಮಿಸಿದ ಮಂಡಳಿ, ಕಂಪನಿಯಲ್ಲೇ ಇದ್ದ ಎ.ಎಸ್. ಮೂರ್ತಿ ಅವರನ್ನು ಸಿಇಒ ಮಾಡಿ, ಹೋಮಿ ಖುಸ್ರೋಖಾನ್ ಮತ್ತು ಪಾರ್ಥೋ ದತ್ತ ಎಂಬ ಹೊರಗಿನ ಇಬ್ಬರು ಅನುಭವಿಗಳನ್ನು ವಿಶೇಷ ಸಲಹೆಗಾರರನ್ನಾಗಿ ಕೂರಿಸಿತು. ನಿಮ್ಮ ಅಳತೆಗೆ ಇಳಿಸಿದರೆ ನಾನು ಹೇಳುವುದೂ ಸುಮಾರು ಅದೇ. ದಿನದ ಉತ್ಪಾದನೆ ವರ್ಕ್ಸ್ ಮ್ಯಾನೇಜರ್ ಕೈಯಲ್ಲಿರಲಿ. ದೊಡ್ಡ ಗಿರಾಕಿಗಳನ್ನು ಕುಟುಂಬದ ನಿರ್ದೇಶಕರೊಬ್ಬರು ಸ್ವತಃ ಹಿಡಿಯಲಿ. ಆ ಸಂಬಂಧವನ್ನು ಆರು ತಿಂಗಳಿಗೆ ಬಂದವರ ಕೈಗೆ ಕೊಡಬಾರದು. ಖರೀದಿ, ಯೋಜನೆ, ಗುಣಮಟ್ಟ, ವಿಭಾಗಗಳ ನಡುವಿನ ತಗಾದೆ, ಇಡೀ ಕಾರ್ಖಾನೆಯ ಲೆಕ್ಕ ಇಷ್ಟು ಹಂಗಾಮಿ ಜಿಎಂ ನೋಡಲಿ. ಹೀಗೆ ಹಂಚಿದರೆ ಮೊದಲ ತಿಂಗಳು ಪೂರ್ತಿ, ಆಮೇಲೆ ವಾರಕ್ಕೆ ಮೂರು ದಿನ ಸಾಕು.

ಈಗ ಆ 9 ಲಕ್ಷಕ್ಕೆ ಬರೋಣ. ಆರು ತಿಂಗಳಿಗೆ 54 ಲಕ್ಷ, ಮೇಲೆ ಜಿಎಸ್‌ಟಿ. ಯುರೋಪಿನಲ್ಲಿ ಹಂಗಾಮಿ ವ್ಯವಸ್ಥಾಪಕರ ದಿನದ ದರಕ್ಕೆ ಒಂದು ಕೈಲೆಕ್ಕವಿದೆ: ಆ ಹುದ್ದೆಯ ವಾರ್ಷಿಕ ಸಂಬಳದ ಶೇ 1. ನಿಮ್ಮ ಹುದ್ದೆಗೆ ಅದು ದಿನಕ್ಕೆ 36,000. ಕಾಯಂ ಜಿಎಂಗೆ 36 ಲಕ್ಷವನ್ನು 220 ಕೆಲಸದ ದಿನಗಳಿಗೆ ಹಂಚಿದರೆ ಸುಮಾರು 16,400. ದುಪ್ಪಟ್ಟಿಗಿಂತ ಹೆಚ್ಚು ಅನ್ನಿಸುತ್ತದೆ ನಿಜ, ಆದರೆ ಇವರಿಗೆ ಪಿಎಫ್ ಇಲ್ಲ, ರಜೆ ಇಲ್ಲ, ಎರಡು ಕೆಲಸಗಳ ನಡುವೆ ಖಾಲಿ ಕೂರುವ ತಿಂಗಳುಗಳ ಲೆಕ್ಕವೂ ಅದರೊಳಗೇ ಇದೆ. ಈ ಶೇ 1ನ್ನು ಚೌಕಾಸಿಯ ಆರಂಭ ಎಂದುಕೊಳ್ಳಿ. ನಮ್ಮ ಊರುಗಳಲ್ಲಿ ದೊಡ್ಡ ಫೌಂಡ್ರಿಗಳಿಂದ ನಿವೃತ್ತರಾದ ಅನುಭವಿಗಳು ಇದಕ್ಕಿಂತ ಕಡಿಮೆಗೂ ಒಪ್ಪಬಹುದು.

ಪೂರ್ತಿ ದರವನ್ನೇ ಹಿಡಿಯೋಣ. ಮೊದಲ ತಿಂಗಳು 22 ದಿನ, 7.92 ಲಕ್ಷ. ನಡುವಿನ ನಾಲ್ಕು ತಿಂಗಳು ತಲಾ 13 ದಿನ, ಒಟ್ಟು 18.72 ಲಕ್ಷ. ಕೊನೆಯ ತಿಂಗಳು ಹಸ್ತಾಂತರಕ್ಕೆ 8 ದಿನ, 2.88 ಲಕ್ಷ. ಎಲ್ಲ ಸೇರಿ 29.52 ಲಕ್ಷ. ಉಳಿದ ದುಡ್ಡು ಹೋಗುತ್ತಿದ್ದದ್ದು ಆ ಇಬ್ಬರು ಕಿರಿಯರಿಗೆ. ಅವರು ನಿಮ್ಮ ಅಕೌಂಟ್ಸ್ ವಿಭಾಗದಿಂದ ಅಂಕಿಅಂಶ ಪಡೆದು, ಬಣ್ಣ ಹಚ್ಚಿ, ನಿಮಗೇ ತೋರಿಸುತ್ತಾರೆ. ತಂತ್ರ ರೂಪಿಸುವ ಕೆಲಸಕ್ಕೆ ಅಂಥ ತಂಡ ಬೇಕಾಗಬಹುದು, ಖಾಲಿ ಕುರ್ಚಿ ತುಂಬುವುದಕ್ಕೆ ಬೇಡ.

ನಡುವಿನ ತಿಂಗಳೊಂದರ ಬಿಲ್ ಹೀಗಿರುತ್ತದೆ: ಶುಲ್ಕ 4,68,000, ಅದರ ಮೇಲೆ ಶೇ 18 ಜಿಎಸ್‌ಟಿ 84,240. ಜಿಎಸ್‌ಟಿ ಬಿಟ್ಟು ಬರೀ ಶುಲ್ಕದ ಮೇಲೆ ಶೇ 10 ಟಿಡಿಎಸ್ (ಮೂಲದಲ್ಲೇ ಹಿಡಿಯುವ ಆದಾಯ ತೆರಿಗೆ) 46,800 ಹಿಡಿದರೆ ಬ್ಯಾಂಕಿನಿಂದ ಹೋಗುವುದು 5,05,440. ಜಿಎಸ್‌ಟಿ ನಿಮಗೆ ಹೂಡುವಳಿ ತೆರಿಗೆ ಜಮೆಯಾಗಿ (ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್) ಮರಳುತ್ತದೆ, ಅದಕ್ಕೆ ಅವರು ಸರಿಯಾದ ಇನ್‌ವಾಯ್ಸ್ ಕೊಟ್ಟು ರಿಟರ್ನ್ ಸಲ್ಲಿಸಿರಬೇಕು. ಅವರಿಗೆ ಸೂಕ್ಷ್ಮ ಇಲ್ಲವೇ ಸಣ್ಣ ಉದ್ದಿಮೆಯೆಂದು ಉದ್ಯಮ್ ನೋಂದಣಿ ಇದ್ದರೆ ಬಿಲ್ಲನ್ನು 45 ದಿನ ಮೀರಿ ಎಳೆಯಬೇಡಿ. ಎಳೆದರೆ ಬಡ್ಡಿಯೂ ಬೀಳುತ್ತದೆ, ದುಡ್ಡು ಕೊಡುವ ತನಕ ಆ ಖರ್ಚನ್ನು ಆದಾಯ ತೆರಿಗೆಯಲ್ಲಿ ತೋರಿಸಲೂ ಆಗುವುದಿಲ್ಲ.

ಶುಲ್ಕದ ಒಂದು ಭಾಗವನ್ನು ಫಲಿತಾಂಶಕ್ಕೆ ಕಟ್ಟಬೇಕೆಂದು ನಿಮಗೆ ಅನ್ನಿಸಬಹುದು. ಫೌಂಡ್ರಿಯಲ್ಲಿ ಇದು ಬಹಳ ಕೆಟ್ಟದಾಗಿ ತಿರುಗಿಬೀಳುತ್ತದೆ. ತಿಂಗಳಿಗೆ ಇಷ್ಟು ಟನ್ ಡಿಸ್ಪ್ಯಾಚ್ ಆದರೆ ಬೋನಸ್ ಅಂದಿರಿ ಎನ್ನಿ. ಫರ್ನೇಸಿನ ಲೈನಿಂಗ್ (ಒಳಪದರ) ಇನ್ನು ಹತ್ತು ಹೀಟ್ (ಕರಗಿಸುವ ಸುತ್ತು) ತಡೆಯುತ್ತದೆ ಎಂದು ಓಡಿಸುವುದು, ಮರಳಿನ ತೇವಾಂಶದ ಪರೀಕ್ಷೆಯನ್ನು ಶಿಫ್ಟಿಗೆ ನಾಲ್ಕರಿಂದ ಒಂದಕ್ಕೆ ಇಳಿಸುವುದು, ಅನುಮಾನವಿದ್ದ ಕಾಸ್ಟಿಂಗ್‌ಗಳನ್ನು (ಎರಕದ ಭಾಗಗಳನ್ನು) ‘ಗಿರಾಕಿ ತಗೊಳ್ಳುತ್ತಾನೆ ಬಿಡಿ’ ಎಂದು ಲಾರಿಗೆ ಹಾಕುವುದು ಅಲ್ಲಿಂದ ಶುರು. ಕಾಸ್ಟಿಂಗ್‌ನ ಒಳಗಿನ ದೋಷ ಹೆಚ್ಚಾಗಿ ಗಿರಾಕಿ ಅದನ್ನು ಮೆಷಿನ್ ಮಾಡುವಾಗಲಷ್ಟೇ ಕಾಣುತ್ತದೆ, ಅದಕ್ಕೆ ಒಂದೂವರೆ ಎರಡು ತಿಂಗಳು ಹಿಡಿಯಬಹುದು. ಐದನೇ ತಿಂಗಳಲ್ಲಿ ಸುರಿದ ಲೋಹದ ರಿಜೆಕ್ಷನ್ ಏಳನೇ ತಿಂಗಳಲ್ಲಿ ವಾಪಸ್ ಬರುತ್ತದೆ. ಅಷ್ಟು ಹೊತ್ತಿಗೆ ಬೋನಸ್ ತಗೊಂಡವರು ಇನ್ನೊಂದು ಊರಲ್ಲಿರುತ್ತಾರೆ, ಗಿರಾಕಿ ದುಡ್ಡು ಕಡಿತ ಮಾಡಿ ಕಳಿಸಿದ ಡೆಬಿಟ್ ನೋಟ್ ಹೊಸ ಜಿಎಂ ಮೇಜಿನ ಮೇಲಿರುತ್ತದೆ.

ಆದ್ದರಿಂದ ಬೋನಸ್ ಬೇಡ, ಹಿಡಿಹಣ ಇರಲಿ. ಒಟ್ಟು ಶುಲ್ಕದ ಶೇ 10, ಅಂದರೆ ಸುಮಾರು 2.95 ಲಕ್ಷವನ್ನು ಅವರು ಹೋಗಿ 60 ದಿನವಾದ ಮೇಲೆ ಕೊಡುವಂತೆ ಬರೆಯಿರಿ. ಚಾರ್ಜ್ ಹಸ್ತಾಂತರದ ಪಟ್ಟಿಗೆ ಹೊಸ ಜಿಎಂ ಸಹಿ ಹಾಕಿರಬೇಕು, ಅವರ ಅವಧಿಯ ಡಿಸ್ಪ್ಯಾಚ್‌ಗಳ ಬಗ್ಗೆ ಬಂದ ದೂರುಗಳಿಗೆ ಲಿಖಿತ ವಿವರಣೆ ಕೊಟ್ಟಿರಬೇಕು, ಇವೆರಡೇ ಷರತ್ತು. ಗಿರಾಕಿಯ ಇಡೀ ನಷ್ಟವನ್ನು ಅವರ ಮೇಲೆ ಹೊರಿಸುವ ಷರತ್ತು ಹಾಕಲು ಹೋಗಬೇಡಿ, ಒಳ್ಳೆಯವರು ಯಾರೂ ಅದಕ್ಕೆ ಸಹಿ ಹಾಕುವುದಿಲ್ಲ. ಹಿಡಿಹಣದ ಬಿಲ್ಲನ್ನು ಕೊನೆಯಲ್ಲೇ ಹಾಕಿಸಿ. ಮೊದಲೇ ಬಿಲ್ ಹಾಕಿಸಿ ಅವರ ಖಾತೆಗೆ ಜಮಾ ತೋರಿಸಿದರೆ, ದುಡ್ಡು ಕೊಡದಿದ್ದರೂ ಟಿಡಿಎಸ್ ಕಟ್ಟಬೇಕಾಗುತ್ತದೆ.

ಅಧಿಕಾರದ ವಿಷಯಕ್ಕೆ ಹೆಚ್ಚು ಸಮಯ ಕೊಡಿ, ಇಂಥ ನೇಮಕಗಳು ಮುರಿದುಬೀಳುವುದು ಹೆಚ್ಚಾಗಿ ಇಲ್ಲೇ. ಮಾಲೀಕರು ಹಂಗಾಮಿಯನ್ನು ತರುತ್ತಾರೆ, ಅಧಿಕಾರ ಕೊಡಲು ಹೆದರುತ್ತಾರೆ. ಹದಿನೈದನೇ ದಿನಕ್ಕೆ ಅವರು ದುಬಾರಿ ಸಲಹೆಗಾರರಾಗಿ ಉಳಿದಿರುತ್ತಾರೆ. ಸಲಹೆಗಾರರ ತಪ್ಪಿಗೆ ಯಾರೂ ಹೊಣೆಯಲ್ಲ, ಹಂಗಾಮಿ ಜಿಎಂ ತಪ್ಪಿಗೆ ಅವರೇ ಹೊಣೆ. ಈ ಎರಡರಲ್ಲಿ ನಿಮಗೆ ಯಾವುದು ಬೇಕೋ ಮೊದಲು ನೀವೇ ಖಚಿತ ಮಾಡಿಕೊಳ್ಳಿ.

ಒಂದು ಪುಟದ ಅಧಿಕಾರ ಪಟ್ಟಿ ಮಾಡಿ, ಮಂಡಳಿ ಸಭೆಯಲ್ಲಿ ಠರಾವು ಮಾಡಿ, ವಿಭಾಗದ ಮುಖ್ಯಸ್ಥರಿಗೆಲ್ಲ ಹಂಚಿ. ಮೊತ್ತಗಳನ್ನು ನಿಮ್ಮ ಖರೀದಿಯ ಗಾತ್ರ ನೋಡಿ ನೀವೇ ಹಾಕಬೇಕು, ನಾನು ಹೇಳುವುದು ಮಾದರಿ ಮಾತ್ರ. ಅನುಮೋದಿತ ಪೂರೈಕೆದಾರರಿಂದ ಒಂದು ಆರ್ಡರಿಗೆ 2 ಲಕ್ಷದವರೆಗೆ ಅವರೊಬ್ಬರೇ, ಅದರ ಮೇಲೆ ನಿರ್ದೇಶಕರ ಜೊತೆ. ಹೊಸ ಪೂರೈಕೆದಾರ ಎಷ್ಟೇ ಸಣ್ಣವನಾದರೂ ಇಬ್ಬರ ಸಹಿ. ಶಿಫ್ಟ್, ಓವರ್‌ಟೈಮ್, ಉತ್ಪಾದನಾ ಯೋಜನೆ ಪೂರ್ತಿ ಅವರದು. ಗುಣಮಟ್ಟದ ಕಾರಣಕ್ಕೆ ಲಾರಿ ನಿಲ್ಲಿಸುವ ಅಧಿಕಾರ ಪೂರ್ತಿ ಅವರದು, ನಿಲ್ಲಿಸಿದ ಲಾರಿಯನ್ನು ಬಿಡಿಸುವ ಅಧಿಕಾರ ನಿಮ್ಮ ಮನೆಯ ಯಾರಿಗೂ ಇರಬಾರದು. ಗಿರಾಕಿಗೆ ದರ ಬದಲಿಸುವುದು, ಕಾಯಂ ಕೆಲಸಗಾರರನ್ನು ತೆಗೆಯುವುದು, ಕಾರ್ಮಿಕ ಸಂಘದ ಜೊತೆ ಒಪ್ಪಂದ, ಸಾಲ, ಯಂತ್ರ ಖರೀದಿ ಇವು ಅವರದಲ್ಲ. ಆರು ತಿಂಗಳ ನಂತರವೂ ಉಳಿಯುವ ಬಾಧ್ಯತೆಗೆ ಆರು ತಿಂಗಳ ವ್ಯಕ್ತಿಯ ಸಹಿ ಬೇಡ.

ಬ್ಯಾಂಕಿನಲ್ಲಿ ಅವರು ಸಹಿದಾರರಾಗಬಾರದು. ನೆಟ್‌ಬ್ಯಾಂಕಿಂಗ್‌ನಲ್ಲಿ ಅಕೌಂಟ್ಸ್‌ನವರು ಪಾವತಿ ಸಿದ್ಧಪಡಿಸಲಿ, ಹಂಗಾಮಿ ಜಿಎಂ ಪಟ್ಟಿ ಪರಿಶೀಲಿಸಲಿ, ಒಪ್ಪಿಗೆ ಒತ್ತುವುದು ನಿರ್ದೇಶಕರು. ಇದು ಅವರಿಗೂ ರಕ್ಷಣೆ, ಏಕೆಂದರೆ ಕಂಪನಿಯ ಚೆಕ್ ಬೌನ್ಸ್ ಆದರೆ ಸಹಿ ಹಾಕಿದವರೂ ವ್ಯವಹಾರದ ಹೊಣೆ ಹೊತ್ತವರೂ ಆರೋಪಿಗಳಾಗಬಹುದು. ನಿರ್ದೇಶಕರ ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್ ಅಕೌಂಟೆಂಟ್ ಡ್ರಾಯರ್‌ನಲ್ಲಿ ಇಡುವ ಅಭ್ಯಾಸ ನಿಮ್ಮಲ್ಲೂ ಇದ್ದರೆ (ಬಹಳ ಕಡೆ ಇದೆ) ಇವತ್ತೇ ಮನೆಗೆ ತಗೊಂಡು ಹೋಗಿ.

‘ಹಂಗಾಮಿ ಸಿಇಒ’ ಎಂಬ ಬಿರುದೂ ಬೇಡ, ಹಂಗಾಮಿ ಜನರಲ್ ಮ್ಯಾನೇಜರ್ ಸಾಕು. ನಿಮ್ಮಂಥ ಪ್ರೈವೇಟ್ ಕಂಪನಿಗೆ ಸಿಇಒ, ಸಿಎಫ್‌ಒ ಇರಲೇಬೇಕೆಂದು ಕಂಪನಿ ಕಾಯ್ದೆ ಹೇಳುವುದಿಲ್ಲ. ಲಿಸ್ಟೆಡ್ ಕಂಪನಿಗಳಿಗೂ, 10 ಕೋಟಿ ಅಥವಾ ಹೆಚ್ಚು ಪಾವತಿಯಾದ ಷೇರು ಬಂಡವಾಳವಿರುವ ಪಬ್ಲಿಕ್ ಕಂಪನಿಗಳಿಗೂ ಆ ಕಡ್ಡಾಯವಿದೆ. ಅಂಥ ಹುದ್ದೆ ಖಾಲಿಯಾದರೆ ಮಂಡಳಿ ಆರು ತಿಂಗಳೊಳಗೆ ತುಂಬಬೇಕು. ಲಿಸ್ಟೆಡ್ ಕಂಪನಿಗಳಿಗೆ ಸೆಬಿ 2023ರಲ್ಲಿ ಆ ಗಡುವನ್ನು ಸಾಮಾನ್ಯವಾಗಿ ಮೂರು ತಿಂಗಳಿಗೆ ಇಳಿಸಿತು. ಹಂಗಾಮಿಯಾಗಿ ತುಂಬಿದರೂ ಹೊಸ ನೇಮಕದ ನಿಯಮಗಳನ್ನೆಲ್ಲ ಪಾಲಿಸಬೇಕೆಂದೂ ಹೇಳಿತು.

ಕಾರ್ಖಾನೆ ಮತ್ತು ಬಾಯ್ಲರುಗಳ ಇಲಾಖೆಯ ದಾಖಲೆಯಲ್ಲಿ ‘ವ್ಯವಸ್ಥಾಪಕ’ ಎಂದು ಹಳೆಯ ಜಿಎಂ ಹೆಸರಿದೆಯೇ ನೋಡಿ. ಇದ್ದರೆ ಬದಲಾವಣೆ ತಿಳಿಸಬೇಕು. ಅಲ್ಲಿ ವಾರಕ್ಕೆ ಮೂರು ದಿನ ಬರುವವರ ಹೆಸರು ಹಾಕಬೇಡಿ, ಅವರಿಲ್ಲದ ದಿನ ಅಪಘಾತವಾದರೆ ಉತ್ತರ ಹೇಳುವುದು ಕಷ್ಟ. ದಿನವೂ ಇರುವ ವರ್ಕ್ಸ್ ಮ್ಯಾನೇಜರ್ ಹೆಸರು ಕೊಡಿ. ಬ್ಯಾಂಕಿನ ಮಂಜೂರಾತಿ ಪತ್ರವನ್ನೂ ತೆರೆದು ಓದಿ, ಮುಖ್ಯ ಅಧಿಕಾರಿ ಬದಲಾದರೆ ತಿಳಿಸಬೇಕೆಂಬ ಷರತ್ತು ಅದರಲ್ಲಿ ಇರಬಹುದು.

ಕರಾರಿನಲ್ಲಿ ವ್ಯಕ್ತಿಯ ಹೆಸರೇ ಇರಬೇಕು. ಮಾತುಕತೆಗೆ ನರೆತ ಕೂದಲಿನವರು ಬಂದು, ಕೆಲಸಕ್ಕೆ ಮೂವತ್ತರ ಹುಡುಗ ಬರುವುದು ಈ ವ್ಯಾಪಾರದ ಹಳೆಯ ಚಾಳಿ. ಹೆಸರಿಸಿದ ವ್ಯಕ್ತಿ ಬದಲಾದರೆ ಶುಲ್ಕವಿಲ್ಲದೆ ಕರಾರು ರದ್ದು ಮಾಡುವ ಹಕ್ಕು ನಿಮ್ಮದಾಗಿರಲಿ. ಅವಧಿ ನಾಲ್ಕು ತಿಂಗಳು, ಮುಂದೆ ಎರಡು ತಿಂಗಳ ವಿಸ್ತರಣೆ, ಅದೂ ಮಂಡಳಿಯ ಲಿಖಿತ ನಿರ್ಧಾರದಿಂದ ಮಾತ್ರ. ಎರಡೂ ಕಡೆಯಿಂದ 15 ದಿನದ ನೋಟಿಸ್. ಕರಾರು ಮುಗಿದ ಮೇಲೂ ಬೇರೆ ಫೌಂಡ್ರಿಗೆ ಹೋಗಬಾರದು ಎಂದು ಬರೆಸಿ ನೆಮ್ಮದಿಯಾಗಿರಬೇಡಿ. ಭಾರತೀಯ ಕರಾರು ಕಾಯ್ದೆಯ 27ನೇ ಕಲಮಿನ ಮುಂದೆ ಅದು ನಿಲ್ಲುವುದಿಲ್ಲ. ಕೆಲಸದ ಅವಧಿಯಲ್ಲಿ ಬೇರೆ ಫೌಂಡ್ರಿಯ ಕೆಲಸ ಹಿಡಿಯಬಾರದು, ಪ್ಯಾಟರ್ನ್ (ಅಚ್ಚಿನ ಮಾದರಿ) ಡ್ರಾಯಿಂಗ್ ಮತ್ತು ದರಪಟ್ಟಿ ಹೊರಹೋಗಬಾರದು, ಹಿಂದಿನ 12 ತಿಂಗಳ ಗಿರಾಕಿಗಳ ಪಟ್ಟಿ ಮೊದಲೇ ಕೊಡಬೇಕು ಎಂಬಿಷ್ಟು ಬರೆಸಿ.

ಹಾಜರಿ ಪುಸ್ತಕ, ರಜೆ ಅರ್ಜಿ, ಕಂಪನಿಯ ಸಮವಸ್ತ್ರ ಎಲ್ಲ ಕೊಟ್ಟು ಪೂರ್ಣಾವಧಿ ದುಡಿಸಿಕೊಂಡು ಅದನ್ನು ‘ವೃತ್ತಿಪರ ಶುಲ್ಕ’ ಎಂದು ಕರೆಯುವವರಿದ್ದಾರೆ. ನೌಕರಿಯಂತೆ ಕಂಡರೆ ಇಲಾಖೆಗಳು ಅದನ್ನು ನೌಕರಿ ಎಂದೇ ನೋಡುತ್ತವೆ, ಟಿಡಿಎಸ್ಸೂ ಪಿಎಫ್ಫೂ ಆಗ ಬೇರೆಯೇ. ಪೂರ್ಣಾವಧಿ ಬೇಕಾದರೆ ನಿಗದಿತ ಅವಧಿಯ ನೌಕರಿ ಪತ್ರವನ್ನೇ ಕೊಟ್ಟುಬಿಡಿ.

ಆಯ್ಕೆ ಮಾಡುವಾಗ ಹಿಂದಿನ ಮಾಲೀಕರ ಶಿಫಾರಸು ಅಷ್ಟೇನೂ ಉಪಯೋಗಕ್ಕೆ ಬರುವುದಿಲ್ಲ. ಹಿಂದಿನ ಕಡೆ ಇವರ ನಂತರ ಬಂದ ಕಾಯಂ ಮುಖ್ಯಸ್ಥರ ನಂಬರ್ ಕೇಳಿ. ಅವರಿಗೆ ಫೋನ್ ಮಾಡಿ ‘ನೀವು ಬಂದ ಮೊದಲ ಎರಡು ತಿಂಗಳಲ್ಲಿ ಏನೇನು ಹೊರಬಂತು?’ ಎಂದು ಕೇಳಿ. ಆ ನಂಬರ್ ಕೊಡಲು ಹಿಂಜರಿದರೆ ನಿಮಗೆ ಬೇಕಾದ ಉತ್ತರ ಸಿಕ್ಕಂತೆಯೇ. ಆಮೇಲೆ ಎರಡು ಗಂಟೆ ಶಾಪಿನಲ್ಲಿ ಸುತ್ತಾಡಿಸಿ. ಹೀಟ್ ಲಾಗ್ ಕೇಳುತ್ತಾರೆಯೇ, ಕರಗಿಸಿದ ಟನ್ನಿಗೆ ಎಷ್ಟು ಯೂನಿಟ್ ವಿದ್ಯುತ್ ಎಂದು ಕೇಳುತ್ತಾರೆಯೇ ಗಮನಿಸಿ. ಇಂಡಕ್ಷನ್ ಫರ್ನೇಸಿನಲ್ಲಿ ಕಬ್ಬಿಣ ಕರಗಿಸಲು ಟನ್ನಿಗೆ ಸುಮಾರು 550ರಿಂದ 650 ಯೂನಿಟ್ ಬೇಕು, ನಿಮ್ಮದು 750 ಇದ್ದರೆ ಏಕೆ ಎಂದು ಕೆದಕುವವರು ಬೇಕು. ರಿಜೆಕ್ಷನ್ ಶೇಕಡಾ ಕೇಳಿ ಸುಮ್ಮನಾಗುವವರಿಗಿಂತ, ಒಳಗೆ ಸಿಕ್ಕಿದ್ದೆಷ್ಟು, ಗಿರಾಕಿಯಿಂದ ಮರಳಿದ್ದೆಷ್ಟು ಎಂದು ಬೇರೆಬೇರೆ ಕೇಳುವವರು ಮೇಲು.

ಹಂಗಾಮಿ ಬಂದ ಮೇಲೆ ಕಾಯಂ ಜಿಎಂ ಹುಡುಕಾಟ ನಿಲ್ಲುತ್ತದೆ. ಕಾರ್ಖಾನೆ ನಡೆಯುತ್ತಿದೆಯಲ್ಲ ಎಂಬ ಸಮಾಧಾನದಲ್ಲಿ ಆರು ತಿಂಗಳು ಹದಿನಾಲ್ಕಾಗುತ್ತದೆ. ಹುಡುಕಾಟವನ್ನು ಅದೇ ವಾರ ಶುರುಮಾಡಿ. ಹಂಗಾಮಿಯಾದವರು ಆ ಹುದ್ದೆಗೆ ಅಭ್ಯರ್ಥಿಯೋ ಅಲ್ಲವೋ ಎಂಬುದನ್ನೂ ಮೊದಲೇ ತೀರ್ಮಾನಿಸಿ. ಅಭ್ಯರ್ಥಿಯಾದರೆ ಸಂದರ್ಶನ ಸಮಿತಿಯಲ್ಲಿ ಅವರಿರಬಾರದು. ಅಲ್ಲವಾದರೆ ಇರಲಿ, ಬರುವವರ ತಾಂತ್ರಿಕ ಮಟ್ಟವನ್ನು ಅವರಿಗಿಂತ ಚೆನ್ನಾಗಿ ಅಳೆಯುವವರು ನಿಮ್ಮಲ್ಲಿಲ್ಲ. ಹೊಸಬರು ಬಂದ ಮೇಲೆ ಇಬ್ಬರೂ ಒಟ್ಟಿಗಿರುವ ಅವಧಿ ಎರಡು ವಾರ ಸಾಕು, ತಿಂಗಳಾದರೆ ಶಾಪಿನಲ್ಲಿ ಎರಡು ಗುಂಪಾಗುತ್ತದೆ.

ಗುಂಪಿನ ಮಾತು ಬಂದಾಗ ಇನ್ನೊಂದು ವಿಷಯ. ಕುಟುಂಬದ ಕಾರ್ಖಾನೆಯಲ್ಲಿ ಚಿಕ್ಕಪ್ಪನೋ ಅಣ್ಣನೋ ಸಂಜೆ ಶಾಪಿಗೆ ಬಂದು ಮೇಸ್ತ್ರಿಗೆ ನೇರ ಹೇಳುವುದುಂಟು. ಹನ್ನೊಂದು ವರ್ಷದ ಜಿಎಂ ಅದನ್ನು ಸಂಭಾಳಿಸಲು ಕಲಿತಿರುತ್ತಾರೆ, ಹೊಸಬರಿಗೆ ಅಷ್ಟು ಸಮಯ ಇರುವುದಿಲ್ಲ. ಮನೆಯವರೆಲ್ಲರ ಪರವಾಗಿ ಹಂಗಾಮಿಯ ಜೊತೆ ಮಾತಾಡುವವರು ಒಬ್ಬರೇ ಇರಲಿ, ವಾರಕ್ಕೊಮ್ಮೆ ಒಂದು ಗಂಟೆ ಕೂರಲಿ.

ಹಳೆಯ ಜಿಎಂ ಕೈಯಲ್ಲಿ ಇನ್ನು 22 ದಿನ ಉಳಿದಿದೆ. ಅವರ ಮೇಲೆ ಮುನಿಸಿದ್ದರೆ ಬದಿಗಿಟ್ಟು, ದಿನಕ್ಕೆ ಒಂದೂವರೆ ಗಂಟೆ ವರ್ಕ್ಸ್ ಮ್ಯಾನೇಜರನ್ನೂ ಖರೀದಿಯವರನ್ನೂ ಜೊತೆಗೆ ಕೂರಿಸಿಕೊಂಡು ಒಂದೊಂದೇ ವಿಷಯ ಬರೆಸಿಕೊಳ್ಳಿ. ಯಾವ ಸ್ಕ್ರ್ಯಾಪ್ ವ್ಯಾಪಾರಿಗೆ ಎಷ್ಟು ದಿನದ ಉದ್ದರಿ, ಯಾವ ಗಿರಾಕಿಗೆ ಬಾಯಿಮಾತಿನಲ್ಲಿ ಯಾವ ವಿನಾಯಿತಿ, ಯಾವ ಪ್ಯಾಟರ್ನ್ ಯಾರದು ಮತ್ತು ಎಲ್ಲಿದೆ, ಗುತ್ತಿಗೆದಾರನಿಗೆ ಒಪ್ಪಿದ ದರ ಏನು. ಹೋದ ಮೇಲೆ ಮೂರು ತಿಂಗಳು ಫೋನಿನಲ್ಲಿ ಸಿಗಲು ಗಂಟೆ ಲೆಕ್ಕದಲ್ಲಿ ಶುಲ್ಕ ಕೊಡುವ ಪತ್ರವನ್ನೂ ಮಾಡಿಕೊಳ್ಳಿ. ಎಲ್ಲಕ್ಕೂ ಮೊದಲು, ಈ ಸೋಮವಾರವೇ, ಜಿಎಸ್‌ಟಿ ಪೋರ್ಟಲ್, ಪಿಎಫ್, ಹೆಸ್ಕಾಂ, ಮಾಲಿನ್ಯ ನಿಯಂತ್ರಣ ಮಂಡಳಿ, ಗಿರಾಕಿಗಳ ಪೂರೈಕೆದಾರ ಪೋರ್ಟಲ್ ಇವುಗಳಲ್ಲಿ ಒಟಿಪಿ ಯಾರ ಮೊಬೈಲಿಗೆ ಹೋಗುತ್ತಿದೆ ಎಂದು ಪಟ್ಟಿ ಮಾಡಿಸಿ. ಅವರ ಸ್ವಂತ ನಂಬರಿಗೆ ಹೋಗುತ್ತಿದ್ದರೆ, ಕಂಪನಿ ಹೆಸರಿನಲ್ಲಿ ಒಂದು ಸಿಮ್ ತೆಗೆಸಿ, ಅವರು ಎದುರಿಗೆ ಕೂತಿರುವಾಗಲೇ ಒಂದೊಂದಾಗಿ ಬದಲಿಸಿಕೊಳ್ಳಿ.